ಮಗ ಸತ್ತ ಮೇಲೆ ಅರ್ಜಿ: ಐರಿಶ್ ಹೋರಾಟಗಾರರ ಮನೆಯವರು ಮತ್ತು ಪಿಂಚಣಿ

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು 'ಪಿಂಚಣಿ' ಅನ್ನುವ ಪದದಲ್ಲೇ. ಬ್ರಿಟಿಷ್ ಆಳ್ವಿಕೆ ವಿರುದ್ಧ ಹೋರಾಡಿದವರಿಗೆ ಐರ್ಲೆಂಡಿನಲ್ಲಿ ಎರಡು ದಾರಿಗಳಿದ್ದವು. ಬದುಕುಳಿದ ಹೋರಾಟಗಾರ ತನ್ನ ಸೇವೆಗೆ ಪಿಂಚಣಿ ಕೇಳುವುದು ಒಂದು. ಅದಕ್ಕೆ 1924 ಮತ್ತು 1934ರ ಮಿಲಿಟರಿ ಸರ್ವಿಸ್ ಪೆನ್ಷನ್ಸ್ ಕಾಯ್ದೆಗಳು. ಗಾಯಾಳುಗಳು ಮತ್ತು ಸತ್ತವರ ಮನೆಯವರು ಕೇಳುವುದು ಇನ್ನೊಂದು. ಅದಕ್ಕೆ 1923ರಿಂದ ಶುರುವಾದ ಆರ್ಮಿ ಪೆನ್ಷನ್ಸ್ ಕಾಯ್ದೆಗಳು. ಸುಮಾರು 82,000 ಜನ ಅರ್ಜಿ ಹಾಕಿದರು, 15,700 ಜನಕ್ಕಷ್ಟೇ ಸಿಕ್ಕಿತು ಅನ್ನುವ ಲೆಕ್ಕ ಎಲ್ಲ ಕಡೆ ಕಾಣುತ್ತದೆ ಅಲ್ವಾ? ಅದು ಮೊದಲ ದಾರಿಯದು. ಪರೀಕ್ಷೆಯಲ್ಲಿ ಇದನ್ನು ತಂದು ಮನೆಯವರ ಲೆಕ್ಕಕ್ಕೆ ಸೇರಿಸಬೇಡಿ.

1916ರ ಈಸ್ಟರ್ ದಂಗೆಯಲ್ಲಿ (ಬ್ರಿಟಿಷರ ವಿರುದ್ಧ ಡಬ್ಲಿನ್ನಿನಲ್ಲಿ ನಡೆದ ಸಶಸ್ತ್ರ ಬಂಡಾಯ) ಸತ್ತವರ ಮನೆಗಳಿಗೆ ಸರ್ಕಾರದಿಂದ ಏನೂ ಬರುವ ಹಾಗಿರಲಿಲ್ಲ. ಆಗಿನ ಸರ್ಕಾರ ಬ್ರಿಟಿಷರದೇ. ಆಗ ನಿಧಿ ಕಟ್ಟಲು ನಿಂತವರು ಕ್ಯಾಥ್ಲೀನ್ ಕ್ಲಾರ್ಕ್. ಅವರ ಗಂಡ ಟಾಮ್ ಕ್ಲಾರ್ಕ್, ತಮ್ಮ ನೆಡ್ ಡಾಲಿ ಇಬ್ಬರನ್ನೂ ಆ ಮೇ ತಿಂಗಳಲ್ಲಿ ಗುಂಡಿಟ್ಟು ಕೊಂದಿದ್ದರು. ಆ ನಿಧಿ ಇನ್ನೊಂದು ಸಂಘದ ಜೊತೆ ಸೇರಿತು. 1917ರಲ್ಲಿ ಅದರ ಕಾರ್ಯದರ್ಶಿಯಾಗಿ ಬಂದವರು, ಮುಂದೆ ಹೋರಾಟದ ದೊಡ್ಡ ನಾಯಕರಾದ ಮೈಕೆಲ್ ಕಾಲಿನ್ಸ್.

ಸ್ವಂತ ಸರ್ಕಾರ ಬಂದ ಮೇಲೆ 1923ರ ಕಾಯ್ದೆ ಬಂತು. ಆದರೆ ಅಷ್ಟರಲ್ಲಿ ಬ್ರಿಟನ್ ಜೊತೆಗಿನ ಒಪ್ಪಂದದ ವಿಷಯಕ್ಕೆ ಹೋರಾಟಗಾರರೇ ಇಬ್ಭಾಗವಾಗಿ ಅಂತರ್ಯುದ್ಧ ನಡೆದುಹೋಗಿತ್ತು. ಒಂದು ಮನೆ ಊಹಿಸಿಕೊಳ್ಳಿ. ದೊಡ್ಡ ಮಗ 1921ರಲ್ಲಿ ಬ್ರಿಟಿಷರ ಗುಂಡಿಗೆ ಸತ್ತ. ಚಿಕ್ಕವನು ಒಪ್ಪಂದ ಒಪ್ಪದೆ, 1922ರಲ್ಲಿ ಹೊಸ ಸರ್ಕಾರದ ಸೈನಿಕರ ಗುಂಡಿಗೆ ಸತ್ತ. ತಾಯಿ ದೊಡ್ಡವನ ಹೆಸರಲ್ಲಿ ಅರ್ಜಿ ಹಾಕಬಹುದು, ಚಿಕ್ಕವನ ಹೆಸರಲ್ಲಿ ಹಾಕುವಂತಿಲ್ಲ. ಆ ಬಾಗಿಲು ತೆರೆದದ್ದು ಒಪ್ಪಂದ ವಿರೋಧಿಸಿದ್ದ ನಾಯಕ ಡಿ ವಲೇರಾ ಅಧಿಕಾರಕ್ಕೆ ಬಂದ ಮೇಲೆ, 1932ರ ಕಾಯ್ದೆಯಲ್ಲಿ. ಹೆಂಗಸರ ಸಂಘಟನೆ ಕುಮನ್ ನ ಮಾನ್ ಕೂಡ ಆಗಲೇ ಒಳಗೆ ಬಂದದ್ದು. ಅದಕ್ಕೂ ಮುಂಚೆ, 1916ರಲ್ಲಿ ಗುಂಡೇಟು ತಿಂದ ಮಾರ್ಗರೆಟ್ ಸ್ಕಿನ್ನಿಡರ್ ಅರ್ಜಿಯನ್ನು 'ಸೈನಿಕ ಅಂದರೆ ಗಂಡಸು' ಅನ್ನುವ ಅರ್ಥ ಹಚ್ಚಿ ತಳ್ಳಿಹಾಕಿದ್ದರು!

ಈಗ ಮುಖ್ಯ ವಿಷಯಕ್ಕೆ ಬರೋಣ. ಮಗ ಸತ್ತ ಅಂತ ತೋರಿಸಿದರೆ ಸಾಲುತ್ತಿರಲಿಲ್ಲ. ಅವನ ದುಡಿಮೆ ಮೇಲೆ ಮನೆ ನಡೆಯುತ್ತಿತ್ತು ಅಂತ ತೋರಿಸಬೇಕಿತ್ತು. ವಿಧವೆಗೆ ಈ ಕಷ್ಟ ಕಡಿಮೆ, ಅಪ್ಪ ಅಮ್ಮನಿಗೆ ಜಾಸ್ತಿ. ಒಂದು ಲೆಕ್ಕ ನಾವೇ ಮಾಡಿ ನೋಡೋಣ. ಮಗ ಕೂಲಿಯವನು, ವಾರಕ್ಕೆ 10 ಷಿಲಿಂಗ್ ಅಮ್ಮನ ಕೈಗೆ ಕೊಡುತ್ತಿದ್ದ. 20 ಷಿಲಿಂಗಿಗೆ ಒಂದು ಪೌಂಡ್ (ನಮ್ಮ ಹಳೆಯ 16 ಆಣೆಯ ರೂಪಾಯಿ ನೆನೆಸಿಕೊಳ್ಳಿ). ವರ್ಷಕ್ಕೆ 26 ಪೌಂಡ್ ಆಯಿತು. ಆಮೇಲೆ ಪ್ರಶ್ನೆಗಳು ಶುರು. ಅವನ ಊಟದ ಖರ್ಚು ಕಳೆದರೆ ಉಳಿದದ್ದೆಷ್ಟು? ಹೊಲ ಎಷ್ಟು ಎಕರೆ? ಹಸು ಎಷ್ಟು? ಉಳಿದ ಮಕ್ಕಳು ಏನು ದುಡಿಯುತ್ತಾರೆ? ಪೊಲೀಸರಿಂದ ವರದಿ ತರಿಸುತ್ತಿದ್ದರು. ಪಾದ್ರಿಗಳು ಪತ್ರ ಬರೆಯುತ್ತಿದ್ದರು. ಕೊನೆಗೆ 'ಪೂರ್ತಿ ಅವಲಂಬಿತರು' ಅಂತ ಷರಾ ಬಿದ್ದರೆ ವರ್ಷವರ್ಷವೂ ಭತ್ಯೆ ಸಿಗಬಹುದು. 'ಭಾಗಶಃ' ಅಂತಾದರೆ ಒಂದೇ ಸಲದ ಇಡುಗಂಟಿಗೇ ತೃಪ್ತಿಪಡಬೇಕಾಗಬಹುದು. ಸಾಲದ್ದಕ್ಕೆ, ಮಗ ತನ್ನ ದುಡಿಮೆ ಬಿಟ್ಟು ಪೂರ್ತಿ ಹೋರಾಟಕ್ಕೆ ಇಳಿದಿದ್ದರೆ, ಸಾಯುವ ಹೊತ್ತಿಗೆ ಅವನು ಮನೆಗೆ ಏನೂ ಕೊಡುತ್ತಿರಲಿಲ್ಲ ಅಂತಲೇ ಕಾಣುತ್ತಿತ್ತು. ನನಗಂತೂ ಇದು ತೀರಾ ಅನ್ಯಾಯ ಅನ್ನಿಸುತ್ತದೆ.

ಸಾವಿನ ಕಾರಣಕ್ಕೂ ಜಗಳ ಇತ್ತು. ಗುಂಡೇಟು ಸುಲಭ, ಎಲ್ಲರೂ ನೋಡಿರುತ್ತಾರೆ. ಜೈಲಿನಿಂದ ಬಂದವನು ಕೆಲವು ವರ್ಷಗಳ ನಂತರ ಕ್ಷಯದಿಂದ ಸತ್ತರೆ? ಆ ಕಾಯಿಲೆ ಹತ್ತಿದ್ದು ಹೋರಾಟದಿಂದಲೇ ಅಂತ ಡಾಕ್ಟರರ ಮಾತು ಬೇಕು.

ಈ ಕಡತಗಳು ಡಬ್ಲಿನ್ನಿನ ಮಿಲಿಟರಿ ಆರ್ಕೈವ್ಸ್‌ನಲ್ಲಿವೆ. 2014ರಿಂದ ಕಂತು ಕಂತಾಗಿ ಆನ್‌ಲೈನಿನಲ್ಲಿ ಬಿಡುತ್ತಿದ್ದಾರೆ. ನಂಬರು ನೋಡಿಯೇ ಜಾತಿ ಹೇಳಬಹುದು: '1ಡಿ' ಅಂದರೆ 1923ರ ಕಾಯ್ದೆಯಡಿ ಸತ್ತ ವಾಲಂಟಿಯರುಗಳ (ಬ್ರಿಟಿಷರ ವಿರುದ್ಧ ಹೋರಾಡಿದ ಐರಿಶ್ ಸ್ವಯಂಸೇವಕರು) ಮನೆಯವರದು, '2ಡಿ' ಹೊಸ ಐರಿಶ್ ಸರ್ಕಾರದ ಸೇನೆಯಲ್ಲಿ ಸತ್ತವರ ಮನೆಯವರದು, 'ಡಿಪಿ' 1932ರ ನಂತರ ಬಂದದ್ದು.

ಇದರಲ್ಲಿ ಭಾರತದ ಎಳೆಯೂ ಒಂದಿದೆ, ಬಿಡಬೇಡಿ. 1920ರ ಜೂನಿನಲ್ಲಿ ಜಲಂಧರ್‌ನಲ್ಲಿದ್ದ ಬ್ರಿಟಿಷ್ ಸೇನೆಯ ಕನಾಟ್ ರೇಂಜರ್ಸ್ ಪಡೆಯ ಐರಿಶ್ ಸೈನಿಕರು, ಐರ್ಲೆಂಡಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆ ವಿರೋಧಿಸಿ ಕೆಲಸ ನಿಲ್ಲಿಸಿದರು. ಸುದ್ದಿ ಈಗಿನ ಹಿಮಾಚಲದ ಸೋಲನ್‌ನಲ್ಲಿದ್ದ ಅದೇ ಪಡೆಯವರಿಗೂ ಹಬ್ಬಿತು. ಅಲ್ಲಿ ಮದ್ದುಗುಂಡಿನ ಉಗ್ರಾಣಕ್ಕೆ ನುಗ್ಗಿದಾಗ ಇಬ್ಬರು ಸತ್ತರು. ಮುಂದಾಳು ಜೇಮ್ಸ್ ಡಾಲಿಯನ್ನು ನವೆಂಬರ್ 2ರಂದು ದಗ್ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಇವರು ಬ್ರಿಟಿಷ್ ಸಮವಸ್ತ್ರದಲ್ಲಿದ್ದವರು, ಹೋರಾಟದ ಯಾವ ಪಟ್ಟಿಗೂ ಸೇರದವರು. ಹಾಗಾಗಿ ಇವರಿಗೆಂದೇ 1936ರಲ್ಲಿ ಬೇರೆ ಪಿಂಚಣಿ ಕಾಯ್ದೆ ಮಾಡಬೇಕಾಯಿತು. ಡಾಲಿಯ ಅಸ್ಥಿ ಊರಿಗೆ ಹೋದದ್ದು ಮಾತ್ರ 1970ರಲ್ಲಿ.