ಅಡ್ವೊಕೇಟ್ ಜನರಲ್ ಯಾರ ವಕೀಲರು?

ಓದುಗರ ಪ್ರಶ್ನೆ: ನಮ್ಮದು ಮೂಡಿಗೆರೆ ತಾಲೂಕು. ಅಪ್ಪನ ಕಾಲದಿಂದ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಫಾರಂ 57 ಹಾಕಿ ವರ್ಷಗಳೇ ಆದವು. ಅರ್ಜಿ ಹಾಗೇ ಬಿದ್ದಿದೆ. ಅದನ್ನು ಇತ್ಯರ್ಥ ಮಾಡಿಸಿ ಅಂತ ಹೈಕೋರ್ಟಿಗೆ ರಿಟ್ ಹಾಕಿದ್ದೇವೆ. ಸರ್ಕಾರದ ಪರ 'ಎ.ಜಿ.ಎ.' ನೋಟೀಸ್ ಪಡೆದರು ಅಂತ ಆರ್ಡರ್ ಶೀಟ್‌ನಲ್ಲಿದೆ. ಟಿ.ವಿ.ಯಲ್ಲಿ ಹೇಳುವ ಅಡ್ವೊಕೇಟ್ ಜನರಲ್ ಇವರೇನಾ? ಅವರು ರಾಜ್ಯದ ವಕೀಲರಂತೆ. ರಾಜ್ಯ ಅಂದ್ರೆ ಅದರಲ್ಲಿ ನಾವೂ ಇದ್ದೀವಲ್ವಾ? ಅವರಿಗೇ ಒಂದು ಮನವಿ ಕೊಟ್ಟರೆ ಕೇಸು ಬೇಗ ಮುಗಿಯುತ್ತಾ?

ಉತ್ತರ: ಮೊದಲು ಆ ಆರ್ಡರ್ ಶೀಟ್ ವಿಷಯ ಮುಗಿಸಿಬಿಡೋಣ. ಎ.ಜಿ.ಎ. ಅಂದರೆ ಅಡಿಷನಲ್ ಗವರ್ನಮೆಂಟ್ ಅಡ್ವೊಕೇಟ್. ಹೈಕೋರ್ಟ್‌ನಲ್ಲಿ ಸರ್ಕಾರದ ಪರ ನಿಲ್ಲುವ ಹಲವು ವಕೀಲರಲ್ಲಿ ಒಬ್ಬರು. ಕೆಲವರ ಆರ್ಡರ್‌ನಲ್ಲಿ 'ಎಚ್.ಸಿ.ಜಿ.ಪಿ.' ಅಂತ ಇರುತ್ತದೆ, ಅದು ಹೈಕೋರ್ಟ್ ಗವರ್ನಮೆಂಟ್ ಪ್ಲೀಡರ್. ಕೋರ್ಟ್ ಹಾಲ್‌ನಲ್ಲಿ ನಿಮ್ಮಂಥ ಕೇಸು ಕೂಗಿದಾಗ ಎದ್ದು ನಿಲ್ಲುವವರು ಇವರೇ. ಇವರೆಲ್ಲರಿಗೂ ಮೇಲೆ ಇರುವವರು ಅಡ್ವೊಕೇಟ್ ಜನರಲ್. ವಕೀಲರು 'ಎ.ಜಿ.' ಅನ್ನುವುದು ಅವರನ್ನು ಮಾತ್ರ. ಒಂದು ಫಾರಂ 57ರ ಕೇಸಿಗೆ ಅವರು ಖುದ್ದಾಗಿ ಬರುವುದು ಇಲ್ಲವೆಂದೇ ಹೇಳಬಹುದು.

ಇನ್ನು ಅವರು ಯಾರ ವಕೀಲರು ಅನ್ನೋದು. ಉತ್ತರ ಸಂವಿಧಾನದ 165ನೇ ವಿಧಿಯಲ್ಲಿದೆ. ರಾಜ್ಯ ಸರ್ಕಾರಕ್ಕೆ ಕಾನೂನಿನ ವಿಷಯದಲ್ಲಿ ಸಲಹೆ ಕೊಡುವುದು, ರಾಜ್ಯಪಾಲರು ವಹಿಸಿದ ಕಾನೂನಿನ ಕೆಲಸಗಳನ್ನು ಮಾಡುವುದು ಅವರ ಕರ್ತವ್ಯ. ಅಲ್ಲಿ 'ಜನರ ಪರವಾಗಿ' ಅಂತ ಎಲ್ಲೂ ಬರೆದಿಲ್ಲ. ನಿಮ್ಮ ರಿಟ್‌ನಲ್ಲಿ 1ನೇ ಪ್ರತಿವಾದಿ ಕಂದಾಯ ಇಲಾಖೆಯ ಕಾರ್ಯದರ್ಶಿ ಇರಬೇಕು, ಆಮೇಲೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್. ಎ.ಜಿ. ಕಚೇರಿ ಇವರ ಪರ. ನೀವು ಎದುರು ಪಾರ್ಟಿ. ಸುಮ್ನೆ ಸಮಾಧಾನದ ಮಾತು ಹೇಳಿ ಪ್ರಯೋಜನವಿಲ್ಲ.

ಆದರೂ ನಿಮ್ಮ ಪ್ರಶ್ನೆಯನ್ನು ಅಲ್ಲಿಗೇ ಬಿಡುವ ಹಾಗಿಲ್ಲ. ಎ.ಜಿ. ಸರ್ಕಾರದ ವಕೀಲರು ಹೌದು. ಆದರೆ ಕೆಲವು ಕಡೆ ಕಾನೂನೇ ಅವರನ್ನು ಊರಿನ ಪರ ನಿಲ್ಲಿಸಿದೆ. ಅದು ಜಾಸ್ತಿ ಜನರಿಗೆ ಗೊತ್ತಿಲ್ಲ. ಅಲ್ಲಿಗೆ ಬರುವ ಮೊದಲು ಈ ಹುದ್ದೆ ಎಲ್ಲಿಂದ ಬಂತು ಅಂತ ನೋಡೋಣ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲೇ ಬಂಗಾಳ, ಮದ್ರಾಸ್, ಬಾಂಬೆ ಪ್ರೆಸಿಡೆನ್ಸಿಗಳಲ್ಲಿ ಅಡ್ವೊಕೇಟ್ ಜನರಲ್ ಇದ್ದರು. 1935ರ ಭಾರತ ಸರ್ಕಾರ ಕಾಯ್ದೆಯ 55ನೇ ಸೆಕ್ಷನ್ ಪ್ರತಿ ಪ್ರಾಂತ್ಯಕ್ಕೂ ಒಬ್ಬರು ಇರಬೇಕು ಅಂದಿತು. ಆಗ ನೇಮಕ ಮಾಡುವುದು, ತೆಗೆಯುವುದು ಗವರ್ನರ್ ಸ್ವಂತ ವಿವೇಚನೆಗೆ ಬಿಟ್ಟ ವಿಷಯ. ಮಂತ್ರಿಗಳ ಮಾತೇ ಕೊನೆಯಲ್ಲ. ನಮ್ಮ ಹಾಸನವೂ ನಿಮ್ಮ ಜಿಲ್ಲೆಯೂ ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಚಿಕ್ಕಮಗಳೂರು ಜಿಲ್ಲೆಗೆ ಆಗಿನ ಹೆಸರು ಕಡೂರು ಜಿಲ್ಲೆ. ಇಲ್ಲಿನ ಮೇಲ್ಮನವಿಗಳು ಹೋಗುತ್ತಿದ್ದುದು 1884ರಲ್ಲಿ ಶುರುವಾದ ಮೈಸೂರು ಚೀಫ್ ಕೋರ್ಟಿಗೆ. ಅದೇ 1930ರಲ್ಲಿ ಹೈಕೋರ್ಟ್ ಆಯಿತು. 1950ರಲ್ಲಿ ಸಂವಿಧಾನ ಬಂದ ಮೇಲೆ ಎಲ್ಲ ರಾಜ್ಯಗಳಿಗೂ ಒಂದೇ ಲೆಕ್ಕ.

ಸಂವಿಧಾನದ ಕರಡಿನಲ್ಲಿ ಒಂದು ಕುತೂಹಲದ ಸಾಲಿತ್ತು. ಸರ್ಕಾರದ ಮುಖ್ಯಸ್ಥರು ರಾಜೀನಾಮೆ ಕೊಟ್ಟರೆ ಅಡ್ವೊಕೇಟ್ ಜನರಲ್ ಕೂಡ ಹುದ್ದೆ ಬಿಡಬೇಕು ಅಂತ. 1949ರ ಚರ್ಚೆಯಲ್ಲಿ ಅದನ್ನು ತೆಗೆದು, ರಾಜ್ಯಪಾಲರ ಇಷ್ಟ ಇರುವವರೆಗೆ ಹುದ್ದೆಯಲ್ಲಿರುತ್ತಾರೆ ಅಂತ ಬರೆದರು. ಕಾಗದದಲ್ಲಿ ಹೋದ ಸಾಲು ಆಚರಣೆಯಲ್ಲಿ ಉಳಿದುಕೊಂಡಿತು. ರಾಜ್ಯಪಾಲರ ಇಷ್ಟ ಅಂದರೆ ಮಂತ್ರಿಮಂಡಲದ ಇಷ್ಟವೇ. ನಮ್ಮಲ್ಲೇ ನೋಡಿ. 2013ರಲ್ಲಿ ಸರ್ಕಾರ ಬದಲಾದಾಗ ರವಿವರ್ಮ ಕುಮಾರ್ ಬಂದರು. 2018ರಲ್ಲಿ ಮೈತ್ರಿ ಸರ್ಕಾರ ಬಂತು, ಉದಯ ಹೊಳ್ಳ ಬಂದರು. 2019ರಲ್ಲಿ ಅದು ಬಿತ್ತು, ಪ್ರಭುಲಿಂಗ ನಾವದಗಿ ಬಂದರು. 2023ರಲ್ಲಿ ಮತ್ತೆ ಸರ್ಕಾರ ಬದಲು, ಶಶಿಕಿರಣ್ ಶೆಟ್ಟಿ ಬಂದರು. ಇದರಲ್ಲಿ ತಪ್ಪೇನೂ ಇಲ್ಲ ಅನ್ನುವವರಿದ್ದಾರೆ. ತಾನು ನಂಬುವ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕಕ್ಷಿದಾರನಿಗಿರುತ್ತದೆ, ಸರ್ಕಾರಕ್ಕೂ ಇರಲಿ ಅನ್ನೋದು ಅವರ ವಾದ. ನನಗೂ ಅದು ಮುಕ್ಕಾಲು ಪಾಲು ಸರಿ ಅನ್ನಿಸುತ್ತದೆ. ಉಳಿದ ಕಾಲು ಪಾಲಿನ ಕಷ್ಟ ಏನೆಂದರೆ, 'ಇದು ಕಾನೂನಿಗೆ ನಿಲ್ಲೋದಿಲ್ಲ ಸಾರ್' ಅಂತ ಮುಖ್ಯಮಂತ್ರಿಗೆ ಮುಖಕ್ಕೆ ಹೇಳಬೇಕಾದವರೂ ಇವರೇ.

ಅರ್ಹತೆ ಏನು ಅಂತಲೂ ಹಲವರು ಕೇಳುತ್ತಾರೆ. ಹೈಕೋರ್ಟ್ ನ್ಯಾಯಮೂರ್ತಿ ಆಗುವ ಅರ್ಹತೆ ಇರಬೇಕು, ಅಷ್ಟೇ. ವಕೀಲರಾದರೆ ಹೈಕೋರ್ಟ್‌ನಲ್ಲಿ 10 ವರ್ಷದ ವಕಾಲತ್ತು ಆಗಿರಬೇಕು. ನ್ಯಾಯಮೂರ್ತಿಗಳು 62ಕ್ಕೆ ನಿವೃತ್ತರಾಗುತ್ತಾರಲ್ಲ, ಹಾಗಾದರೆ ಎ.ಜಿ.ಗೂ ವಯಸ್ಸಿನ ಮಿತಿ ಇದೆಯಾ? ಇಲ್ಲ. ಈ ತಕರಾರು 1952ರಲ್ಲೇ ನಾಗ್ಪುರ ಹೈಕೋರ್ಟ್ ಮುಂದೆ ಬಂದು ತೀರ್ಮಾನವಾಗಿತ್ತು. ಆದರೂ ಉತ್ತರಾಖಂಡದಲ್ಲಿ ಅದನ್ನೇ ಮತ್ತೆ ಎತ್ತಿದರು. 2010ರಲ್ಲಿ ಸುಪ್ರೀಂ ಕೋರ್ಟ್, ಇತ್ಯರ್ಥವಾದ ವಿಷಯವನ್ನು ಸಾರ್ವಜನಿಕ ಹಿತಾಸಕ್ತಿ ಹೆಸರಿನಲ್ಲಿ ಮತ್ತೆ ತಂದಿದ್ದಕ್ಕೆ ಬೇಸರ ಪಟ್ಟುಕೊಂಡೇ ತೀರ್ಪು ಕೊಟ್ಟಿತು. ನಮ್ಮ ರಾಜ್ಯದ ಬಿ.ವಿ. ಆಚಾರ್ಯ 70 ದಾಟಿದ ಮೇಲೂ ಈ ಹುದ್ದೆಯಲ್ಲಿದ್ದರು. ಒಟ್ಟು ಐದು ಸಲ ಎ.ಜಿ. ಆದವರು ಅವರು. ಜಯಲಲಿತಾ ಅವರ ಆಸ್ತಿ ಪ್ರಕರಣ ಬೆಂಗಳೂರಿಗೆ ವರ್ಗವಾಗಿ ಬಂದಾಗ ವಿಶೇಷ ಸರ್ಕಾರಿ ಅಭಿಯೋಜಕರೂ ಅವರೇ. ಒಂದು ಹಂತದಲ್ಲಿ ಎರಡೂ ಹೊಣೆ ಒಬ್ಬರ ಮೇಲೇ ಇತ್ತು, ಅದಕ್ಕೆ ಆಕ್ಷೇಪ ಬಂತು. 2012ರ ಆರಂಭದಲ್ಲಿ ಅವರು ಬಿಟ್ಟಿದ್ದು ಎ.ಜಿ. ಹುದ್ದೆಯನ್ನು, ಆ ಕೇಸಿನ ಹೊಣೆ ಬಿಟ್ಟಿದ್ದು ಆಮೇಲೆ.

ಈ ಹುದ್ದೆಯಿಂದ ಮೇಲೆ ಹೋದವರೂ ಇದ್ದಾರೆ. ಇ.ಎಸ್. ವೆಂಕಟರಾಮಯ್ಯ 1970ರಲ್ಲಿ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್. ಅದೇ ವರ್ಷ ಹೈಕೋರ್ಟ್ ನ್ಯಾಯಮೂರ್ತಿ. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ. ನಮ್ಮ ಕಡೆಯ ಹೆಸರು ಬೇಕು ಅಂದರೆ ಮಾಜಿ ಎ.ಜಿ. ಅಶೋಕ್ ಹಾರನಹಳ್ಳಿ ಇದ್ದಾರೆ. ಹಾರನಹಳ್ಳಿ ಅಂದರೆ ಅರಸೀಕೆರೆ ತಾಲೂಕಿನ ಊರು, ಹೊಯ್ಸಳರ ಸೋಮೇಶ್ವರ ದೇವಸ್ಥಾನ ಇರುವುದು ಅಲ್ಲೇ.

ಎ.ಜಿ.ಗೆ ಇನ್ನೂ ಒಂದು ವಿಚಿತ್ರ ಹಕ್ಕಿದೆ. 177ನೇ ವಿಧಿ ಪ್ರಕಾರ ಅವರು ವಿಧಾನಸಭೆ, ವಿಧಾನ ಪರಿಷತ್ ಎರಡರಲ್ಲೂ ಹೋಗಿ ಮಾತಾಡಬಹುದು. ಮತ ಹಾಕುವ ಹಾಗಿಲ್ಲ.

ಇಷ್ಟೆಲ್ಲ ಇದ್ದರೂ ಈ ಹುದ್ದೆಯ ನಿಜವಾದ ತೂಕ ಇರುವುದು ಕೋರ್ಟ್ ವಾದದಲ್ಲಲ್ಲ, ಫೈಲಿನಲ್ಲಿ ಅಂತ ನನಗನ್ನಿಸುತ್ತದೆ. ದೊಡ್ಡ ವಾದಕ್ಕೆ ಸರ್ಕಾರ ಹೊರಗಿನ ಹಿರಿಯ ವಕೀಲರನ್ನೂ ಕರೆಸಬಹುದು. ನಮ್ಮ ಗೊರೂರಿನ ಹೇಮಾವತಿ ನೀರೂ ಸೇರಿರುವ ಕಾವೇರಿ ವ್ಯಾಜ್ಯದಲ್ಲಿ ಎಷ್ಟೋ ವರ್ಷ ಕರ್ನಾಟಕದ ಪರ ವಾದಿಸಿದ್ದು ಫಾಲಿ ನಾರಿಮನ್. ಎ.ಜಿ. ಮಾತ್ರ ಮಾಡಬಹುದಾದ ಕೆಲಸ ಬೇರೆ. ಒಂದು ಕಾಯ್ದೆ ತರಬಹುದಾ, ಒಂದು ತೀರ್ಪಿನ ಮೇಲೆ ಮೇಲ್ಮನವಿ ಹೋಗಬೇಕಾ, ಇಂಥ ಕಡೆ ಅವರು ಬರೆಯುವ ಒಂದು ಪುಟದ ಅಭಿಪ್ರಾಯ ಎಷ್ಟೋ ಸಲ ಸರ್ಕಾರದ ದಾರಿ ತಿರುಗಿಸುತ್ತದೆ. 'ಎ.ಜಿ. ಅಭಿಪ್ರಾಯಕ್ಕೆ ಕಳಿಸಿದ್ದೇವೆ' ಅನ್ನೋ ಮಾತು ಪೇಪರ್‌ನಲ್ಲಿ ನೀವೂ ಓದಿರುತ್ತೀರಿ. ಆ ಅಭಿಪ್ರಾಯವನ್ನು ಸರ್ಕಾರ ಒಪ್ಪಲೇಬೇಕು ಅಂತೇನಿಲ್ಲ, ಅದು ಸಲಹೆ. ಕೆಲವು ಸಲ ಕಾಲ ತಳ್ಳೋದಕ್ಕೂ ಆ ಮಾತು ಅನುಕೂಲವೇ ಬಿಡಿ.

ಈಗ ಊರಿನ ಪರ ನಿಲ್ಲುವ ವಿಷಯಕ್ಕೆ ಬರೋಣ. ಸಿ.ಪಿ.ಸಿ. ಅಂದರೆ ಸಿವಿಲ್ ದಾವೆಗಳ ಕಾನೂನು. ಅದರ 91ನೇ ಸೆಕ್ಷನ್ ಊರಿಗೆಲ್ಲ ಆಗುವ ಉಪದ್ರವದ ಬಗ್ಗೆ. ನಿಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಕಾಫಿ ಕೊಯ್ಲಿನ ಕಾಲ. ಯಾವುದೋ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಸೀದಾ ಹಳ್ಳಕ್ಕೆ ಬಂದು ಬೀಳುತ್ತಿದೆ. ನೀರು ಕಪ್ಪಾಗಿ ನಾತ ಹೊಡೆಯುತ್ತದೆ, ಕೆಳಗಿನ ಊರಿನ ದನ ಮುಟ್ಟೋದಿಲ್ಲ. ನಿಮಗೊಬ್ಬರಿಗೇ ಇಷ್ಟು ನಷ್ಟ ಆಯಿತು ಅಂತ ಲೆಕ್ಕ ತೋರಿಸೋದು ಕಷ್ಟ, ಏಕೆಂದರೆ ತೊಂದರೆ ಎಲ್ಲರದ್ದೂ. ಇಂಥ ಕಡೆ ಅಡ್ವೊಕೇಟ್ ಜನರಲ್ ದಾವೆ ಹಾಕಬಹುದು. ಇಲ್ಲವೇ ಕೋರ್ಟಿನ ಅನುಮತಿ ಪಡೆದು ಊರಿನ ಇಬ್ಬರು ಅಥವಾ ಹೆಚ್ಚು ಜನ ಸೇರಿ ಹಾಕಬಹುದು. ಸ್ವಂತ ನಷ್ಟ ತೋರಿಸಬೇಕಾಗಿಲ್ಲ.

92ನೇ ಸೆಕ್ಷನ್ ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್‌ಗಳಿಗೆ. ಊರವರ ದುಡ್ಡಿನಲ್ಲಿ ಕಟ್ಟಿದ ಛತ್ರದ ಲೆಕ್ಕವನ್ನು ಟ್ರಸ್ಟಿಗಳು ಕೊಡುತ್ತಿಲ್ಲ, ಜಾಗ ಮಾರಿಕೊಳ್ಳುತ್ತಿದ್ದಾರೆ ಅನ್ನಿ. ಆಗಲೂ ಇದೇ ದಾರಿ. ಮುಜರಾಯಿ ದೇವಸ್ಥಾನ, ವಕ್ಫ್ ಆಸ್ತಿಗಳಿಗೆ ಬೇರೆ ಕಾನೂನುಗಳಿವೆ, ಅದನ್ನು ಇದರ ಜೊತೆ ಬೆರೆಸಬೇಡಿ. ಮೊದಲು ಈ ಎರಡೂ ಸೆಕ್ಷನ್‌ಗಳಲ್ಲಿ ಊರವರು ದಾವೆ ಹಾಕಬೇಕು ಅಂದರೆ ಎ.ಜಿ.ಯ ಲಿಖಿತ ಒಪ್ಪಿಗೆ ಬೇಕಿತ್ತು. 1976ರ ತಿದ್ದುಪಡಿ ಅದನ್ನು ತೆಗೆದು, ಒಪ್ಪಿಗೆ ಕೊಡುವ ಕೆಲಸವನ್ನು ಕೋರ್ಟಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಹಳ್ಳದ ನೀರಿನ ವಿಷಯಕ್ಕೆ ಬೆಂಗಳೂರಿನ ಒಪ್ಪಿಗೆ ಕಾಯುವುದು ತಪ್ಪಿತು.

93ನೇ ಸೆಕ್ಷನ್ ಇನ್ನೂ ಹತ್ತಿರದ್ದು. ಹಳೆಯ ಪ್ರೆಸಿಡೆನ್ಸಿ ಪಟ್ಟಣಗಳಾದ ಕಲ್ಕತ್ತಾ, ಮದ್ರಾಸ್, ಬಾಂಬೆಗಳ ಹೊರಗೆ, ಈ ಎರಡು ಸೆಕ್ಷನ್‌ಗಳಲ್ಲಿ ಎ.ಜಿ.ಗೆ ಇರುವ ಅಧಿಕಾರವನ್ನು ಸರ್ಕಾರದ ಮುಂಚಿನ ಮಂಜೂರಾತಿ ಪಡೆದು ಜಿಲ್ಲಾಧಿಕಾರಿಯೂ ಚಲಾಯಿಸಬಹುದು. ಅಂದರೆ ಇಂಥ ವಿಷಯದಲ್ಲಿ ಮನವಿ ಕೊಡಬೇಕಾದ ಜಾಗ ಚಿಕ್ಕಮಗಳೂರಿನ ಡಿ.ಸಿ. ಕಚೇರಿ. ಈ ಸೆಕ್ಷನ್ ಹೆಸರು ಹೇಳಿ ಮನವಿ ಕೊಡುವವರು ಮಾತ್ರ ಕಡಿಮೆ.

ನ್ಯಾಯಾಂಗ ನಿಂದನೆಯಲ್ಲೂ ಎ.ಜಿ. ಬರುತ್ತಾರೆ, ಮತ್ತು ಇಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಎರಡು ಬಗೆ. ನ್ಯಾಯಾಲಯದ ಮಾನಕ್ಕೆ ಧಕ್ಕೆ ತರುವಂಥ ಮಾತು ಆಡಿದರೆ, ಬರೆದರೆ ಅದು ಕ್ರಿಮಿನಲ್ ನಿಂದನೆ. ಆ ಬಗ್ಗೆ ಸಾಮಾನ್ಯ ವ್ಯಕ್ತಿ ಹೈಕೋರ್ಟಿಗೆ ಹೋಗಬೇಕಾದರೆ 15ನೇ ಸೆಕ್ಷನ್ ಪ್ರಕಾರ ಎ.ಜಿ.ಯ ಲಿಖಿತ ಒಪ್ಪಿಗೆ ಬೇಕು. ಸಿಟ್ಟು ಬಂದವರೆಲ್ಲ ಕೇಸು ಹಾಕದಿರಲಿ ಅಂತ ಇಟ್ಟ ಜರಡಿ ಅದು. ಕೋರ್ಟ್ ಕೊಟ್ಟ ಆದೇಶವನ್ನು ಬೇಕೆಂದೇ ಪಾಲಿಸದಿದ್ದರೆ ಅದು ಸಿವಿಲ್ ನಿಂದನೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ನಾಳೆ ನಿಮ್ಮ ರಿಟ್‌ನಲ್ಲಿ 'ಮೂರು ತಿಂಗಳಲ್ಲಿ ಅರ್ಜಿ ಇತ್ಯರ್ಥ ಮಾಡಿ' ಅಂತ ಆದೇಶ ಆಯಿತು, ಮೂರು ತಿಂಗಳು ಕಳೆದರೂ ಫೈಲು ಅಲ್ಲಾಡಲಿಲ್ಲ ಅನ್ನಿ. ನಿಮ್ಮ ವಕೀಲರು ನೇರವಾಗಿ ಸಿ.ಸಿ.ಸಿ. ಹಾಕಬಹುದು, ಹೈಕೋರ್ಟ್‌ನಲ್ಲಿ ಈ ಅರ್ಜಿಗೆ ಎಲ್ಲರೂ ಹೇಳುವ ಹೆಸರೇ ಅದು. ಆದರೆ ನಿಂದನೆ ಆದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಬಾರಿ ಬಾರಿ ತಾಲೂಕು ಕಚೇರಿಗೆ ಅಲೆದು ಆ ವರ್ಷ ಕಳೆದುಕೊಂಡವರಿದ್ದಾರೆ.

ಜಿಲ್ಲಾ ಕೋರ್ಟಿನ ಬಗ್ಗೆಯೂ ಎರಡು ಮಾತು. ಹಾಸನ, ಚಿಕ್ಕಮಗಳೂರಿನ ಸಿವಿಲ್ ಕೋರ್ಟುಗಳಲ್ಲಿ ಸರ್ಕಾರದ ಪರ ಇರುವವರು ಜಿಲ್ಲಾ ಸರ್ಕಾರಿ ವಕೀಲರು. ಸೆಷನ್ಸ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವವರು ಪಬ್ಲಿಕ್ ಪ್ರಾಸಿಕ್ಯೂಟರ್, ಜನ ಪಿ.ಪಿ. ಅನ್ನುತ್ತಾರೆ. ಸರ್ಕಾರದ ಮೇಲೆ ಇಲ್ಲಿ ಸಿವಿಲ್ ದಾವೆ ಹಾಕುವುದಿದ್ದರೆ ಸಿ.ಪಿ.ಸಿ. 80ರ ಪ್ರಕಾರ ಎರಡು ತಿಂಗಳ ನೋಟೀಸ್ ಕೊಡಬೇಕು. ಅದನ್ನೂ ಎ.ಜಿ.ಗೆ ಕಳಿಸುವವರಿದ್ದಾರೆ. ಅದು ಹೋಗಬೇಕಾದದ್ದು ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ.

ಕೊನೆಗೆ ನಿಮ್ಮ ಮನವಿ. ಎ.ಜಿ.ಗೆ ಕಾಗದ ಬರೆಯಬೇಡಿ ಅಂತ ಯಾವ ಕಾನೂನೂ ಹೇಳೋದಿಲ್ಲ. ಆದರೆ ಅವರು ಉತ್ತರ ಕೊಡುವ ಹಾಗಿಲ್ಲ. ವಕೀಲರನ್ನು ಇಟ್ಟುಕೊಂಡಿರುವ ಎದುರು ಪಾರ್ಟಿಯ ಜೊತೆ ಕೇಸಿನ ವಿಷಯ ನೇರವಾಗಿ ಮಾತಾಡಬಾರದು ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಮಾತು ನಿಮ್ಮ ವಕೀಲರ ಮೂಲಕವೇ ಆಗಬೇಕು.

ಮತ್ತೆ, ನಿಮ್ಮ ಕೇಸು ನಿಂತಿರುವುದು ಬಹುಶಃ ಬೆಂಗಳೂರಿನಲ್ಲಲ್ಲ. ಎ.ಜಿ.ಎ. ನೋಟೀಸ್ ತಗೊಂಡ ಮೇಲೆ ರಿಟ್‌ನ ನಕಲು ಇಲಾಖೆಗೆ ಬರುತ್ತದೆ, ಅಲ್ಲಿಂದ ತಹಶೀಲ್ದಾರ್ ಕಚೇರಿಗೆ. ನೀವು ರಿಟ್‌ನಲ್ಲಿ ಬರೆದ ಒಂದೊಂದು ಪ್ಯಾರಾಕ್ಕೂ ಆ ಕಚೇರಿ ಉತ್ತರ ಬರೆದು, ದಾಖಲೆ ಸೇರಿಸಿ ಕಳಿಸಬೇಕು. ಕಚೇರಿ ಮಾತಿನಲ್ಲಿ 'ಪ್ಯಾರಾವೈಸ್ ರಿಮಾರ್ಕ್ಸ್'. ಅದು ಬರುವ ತನಕ ಎ.ಜಿ.ಎ. ಕೋರ್ಟಿನಲ್ಲಿ ಎದ್ದು ನಿಂತು ಕಾಲಾವಕಾಶ ಕೇಳುತ್ತಲೇ ಇರುತ್ತಾರೆ. ಕೈಯಲ್ಲಿ ಕಾಗದ ಇಲ್ಲದೆ ಅವರಾದರೂ ಏನು ಹೇಳಿಯಾರು?

ಹಾಗಾಗಿ ಮನವಿ ಬರೆಯುವ ಬದಲು ತಾಲೂಕು ಕಚೇರಿಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಅಷ್ಟು ಬೇಕಾಗುವುದೂ ಇಲ್ಲ. ರಿಟ್ ನಂಬರ್ ಬರೆಯಿರಿ. ಸರ್ಕಾರಿ ವಕೀಲರ ಕಚೇರಿಯಿಂದ ಪತ್ರ ಬಂದ ದಿನಾಂಕ ಯಾವುದು, ಪ್ಯಾರಾವೈಸ್ ಉತ್ತರ ಕಳಿಸಿದ ದಿನಾಂಕ ಮತ್ತು ಪತ್ರದ ನಂಬರ್ ಏನು, ಇಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಆ ಕಾಗದವನ್ನು ನಿಮ್ಮ ವಕೀಲರಿಗೆ ಕೊಡಿ. ಮುಂದಿನ ಸಲ ಸರ್ಕಾರದ ಕಡೆಯವರು ಟೈಮ್ ಕೇಳಿದಾಗ ನಿಮ್ಮ ವಕೀಲರು ಅದನ್ನು ನ್ಯಾಯಮೂರ್ತಿಗಳಿಗೆ ತೋರಿಸಲಿ.