ಡಾಕ್‌ಟೈಪ್ ಫೈಲಿನಲ್ಲಿದೆ, ಬ್ರೌಸರಿಗೆ ಸಿಕ್ಕಿತೇ?

ಟೇಬಲ್ಲಿನೊಳಗಿನ ಅಕ್ಷರ ಇದ್ದಕ್ಕಿದ್ದಂತೆ ದೊಡ್ಡದಾಗಿದೆ, ಪರದೆಯ ನಡುವೆ ನಿಲ್ಲಬೇಕಾದ ಪಾಪ್‌ಅಪ್ ಪುಟದ ಕೆಳಗೆಲ್ಲೋ ಹೋಗಿ ಕೂತಿದೆ, ನಿನ್ನೆಯವರೆಗೆ ಎಲ್ಲ ಸರಿಯಿತ್ತು. ಇಂಥ ದೂರು ಬಂದಾಗ ಡೆವಲಪರುಗಳು ಮೊದಲು ಮಾಡುವ ಕೆಲಸವೆಂದರೆ ಪುಟದ ಅಂದಚಂದ ಹೇಳುವ ಸಿಎಸ್‌ಎಸ್ ಫೈಲ್ ತೆರೆದು, ಬೇರೆ ನಿಯಮಗಳನ್ನು ಮೀರಿಸುವ ‘ಇಂಪಾರ್ಟೆಂಟ್’ ಅನ್ನು ನಾಲ್ಕು ಕಡೆ ಸೇರಿಸುವುದು. ಅಕ್ಷರ ಚಿಕ್ಕದಾಗುತ್ತದೆ, ಬೇರೆ ಪುಟದಲ್ಲಿ ಇನ್ನೇನೋ ಕೆಡುತ್ತದೆ, ಅದಕ್ಕೆ ಮತ್ತೊಂದು ತೇಪೆ. ಮೂರು ದಿನ ಕಳೆದ ಮೇಲೆ “ಡಾಕ್‌ಟೈಪ್ ನೋಡಿದಿರಾ?” ಎಂದು ಕೇಳಿದರೆ ಎಡಿಟರ್ ತೆರೆದು ಮೊದಲ ಸಾಲನ್ನು, ಅಂದರೆ ಪುಟವನ್ನು ಯಾವ ರೀತಿಯಲ್ಲಿ ತೋರಿಸಬೇಕೆಂದು ಬ್ರೌಸರಿಗೆ ತಿಳಿಸುವ ಆ ಘೋಷಣೆಯನ್ನು, ತೋರಿಸುತ್ತಾರೆ: “ಇದೆಯಲ್ಲ ಸಾರ್.”

ಇದೆ, ನಿಜ. ಆದರೆ ಅದು ಇರುವುದು ನಿಮ್ಮ ಫೈಲಿನಲ್ಲಿ. ಬ್ರೌಸರ್ ನಿಮ್ಮ ಫೈಲನ್ನು ಓದುವುದಿಲ್ಲ. ಸರ್ವರ್ ಕಳಿಸಿದ್ದನ್ನು ಮೊದಲ ಅಕ್ಷರದಿಂದ ಓದುತ್ತದೆ. ಇವೆರಡರ ನಡುವಿನ ವ್ಯತ್ಯಾಸ ತಿಳಿಯದೆ ಹಾಳಾಗುವ ಶ್ರಮ ಕಂಡರೆ ಬೇಸರವಾಗುತ್ತದೆ. ಹಾಗಾಗಿ ಈ ಒಂದೇ ಸಂಗತಿಯನ್ನು ಸ್ವಲ್ಪ ಹಿಗ್ಗಿಸಿಯೇ ಹೇಳುತ್ತೇನೆ.

ಈ ಮೊದಲ ಸಾಲಿಗೆ ಇಷ್ಟೊಂದು ಅಧಿಕಾರ ಬಂದದ್ದು ಮ್ಯಾಕಿಂಟಾಷ್‌ಗೆಂದು 2000ದ ಮಾರ್ಚ್ 27ರಂದು ಬಿಡುಗಡೆಯಾದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಿಂದ. ಸಿಎಸ್‌ಎಸ್‌ನ ಮೊದಲ ಶಿಫಾರಸು 1996ರ ಡಿಸೆಂಬರಿನಲ್ಲೇ ಹೊರಬಂದಿತ್ತು. ಆದರೆ ಆಗಿನ ಬ್ರೌಸರುಗಳು ಅದನ್ನು ತಮಗೆ ತೋಚಿದಂತೆ ಅಳವಡಿಸಿಕೊಂಡಿದ್ದವು, ಜನ ಆ ತಪ್ಪುಗಳಿಗೆ ಹೊಂದಿಸಿಯೇ ಪುಟ ಬರೆದಿದ್ದರು. ಒಂದು ಪೆಟ್ಟಿಗೆಗೆ ಅಗಲ 300 ಪಿಕ್ಸೆಲ್, ಎರಡೂ ಬದಿಗೆ 20ರ ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ), 5ರ ಬಾರ್ಡರ್ (ಅಂಚಿನ ಗೆರೆ) ಕೊಟ್ಟಿದ್ದೀರಿ ಎನ್ನಿ. ನಿಯಮದ ಪ್ರಕಾರ 300 ಎಂಬುದು ಒಳಗಿನ ವಿಷಯದ ಅಗಲ ಮಾತ್ರ. ಪೆಟ್ಟಿಗೆ ಒಟ್ಟು 350 ಹಿಡಿಯಬೇಕು. ವಿಂಡೋಸ್‌ನ ಎಕ್ಸ್‌ಪ್ಲೋರರ್ 5 ಪ್ಯಾಡಿಂಗ್, ಬಾರ್ಡರ್ ಎರಡನ್ನೂ ಆ 300ರೊಳಗೇ ತುರುಕಿ ಒಳಗೆ 250 ಉಳಿಸುತ್ತಿತ್ತು. ಬ್ರೌಸರನ್ನು ನಿಯಮಕ್ಕೆ ಸರಿಯಾಗಿ ತಿದ್ದಿದರೆ ಇದ್ದಬದ್ದ ಪುಟಗಳೆಲ್ಲ ಕೆಡುತ್ತವೆ, ತಿದ್ದದಿದ್ದರೆ ನಿಯಮ ಎಂದಿಗೂ ಜಾರಿಗೆ ಬರುವುದಿಲ್ಲ.

ಮ್ಯಾಕ್ ಆವೃತ್ತಿಯಲ್ಲಿ ಪುಟವನ್ನು ಪರದೆಗೆ ಬಿಡಿಸುವ ಟ್ಯಾಸ್‌ಮನ್ ಎಂಜಿನ್ನಿನ ಕೆಲಸವನ್ನು ಮುನ್ನಡೆಸಿದವರು ಟಾಂಟೆಕ್ ಚೆಲಿಕ್. ಅಲ್ಲಿ ಇದಕ್ಕೆ ಕಂಡುಕೊಂಡ ದಾರಿ ಡಾಕ್‌ಟೈಪ್. ನಿಯಮ ಓದಿಕೊಂಡು ಬರೆಯುವವರು ಪುಟದ ತಲೆಯಲ್ಲಿ ಸರಿಯಾದ ಡಾಕ್‌ಟೈಪ್ ಹಾಕುತ್ತಾರೆ, ಹಳೆಯ ಪುಟಗಳಲ್ಲಿ ಅದು ಇರುವುದೇ ಅಪರೂಪ. ಇದ್ದರೆ ನಿಯಮದಂತೆ ನಡೆ, ಇಲ್ಲದಿದ್ದರೆ ಹಳೆಯ ಚಾಳಿಯಂತೆ ನಡೆ. ಮುಂದಿನ ವರ್ಷ ವಿಂಡೋಸ್‌ನ ಎಕ್ಸ್‌ಪ್ಲೋರರ್ 6 ಇದನ್ನೇ ಅನುಸರಿಸಿತು, ಉಳಿದ ಬ್ರೌಸರುಗಳೂ ಇದೇ ದಾರಿ ಹಿಡಿದವು. ನಿಯಮದಂತೆ ನಡೆಯುವುದು ಸ್ಟ್ಯಾಂಡರ್ಡ್ಸ್ ಮೋಡ್, ಹಳೆಯ ಚಾಳಿಯಂತೆ ನಡೆಯುವುದು ಕ್ವರ್ಕ್ಸ್ ಮೋಡ್. ಟೇಬಲ್ಲಿನೊಳಗಿನ ಚಿತ್ರಗಳ ಗೋಳಿಗಾಗಿ 2002ರಲ್ಲಿ ಮೊಜಿಲ್ಲಾದವರು ನಡುವಿನದೊಂದು ಮೋಡನ್ನೂ ಸೇರಿಸಿದರು. ಮ್ಯಾಕ್‌ನ ಆ ಎಕ್ಸ್‌ಪ್ಲೋರರ್ ಹೋಯಿತು, ಅದು ಓಡುತ್ತಿದ್ದ ಯಂತ್ರಗಳೂ ಹೋದವು. ಅದರ ಏರ್ಪಾಡು ಮಾತ್ರ ಇಂದಿನ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಲ್ಲಿ ಜೀವಂತವಾಗಿದೆ.

ಡಾಕ್‌ಟೈಪ್ ಎಚ್‌ಟಿಎಂಎಲ್‌ನ ಆವೃತ್ತಿಯನ್ನು ಸಾರುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ವೀಡಿಯೋ ಟ್ಯಾಗ್, ಫ್ಲೆಕ್ಸ್, ಗ್ರಿಡ್ ಎಲ್ಲವೂ ಕ್ವರ್ಕ್ಸ್ ಮೋಡಿನಲ್ಲೂ ನಡೆಯುತ್ತವೆ. ಈಗ ಬಳಕೆಯಲ್ಲಿರುವ ಹದಿನೈದೇ ಅಕ್ಷರಗಳ ‘ಡಾಕ್‌ಟೈಪ್ ಎಚ್‌ಟಿಎಂಎಲ್’ ಸಾಲಿಗೆ ಇರುವ ಕೆಲಸ ಒಂದೇ, ಪುಟವನ್ನು ಸ್ಟ್ಯಾಂಡರ್ಡ್ಸ್ ಮೋಡಿಗೆ ತರುವುದು. ಆ ಕೆಲಸ ಮಾಡುವ ಅತಿ ಚಿಕ್ಕ ಸಾಲು ಅದೆಂದೇ ಅದನ್ನು ಆರಿಸಿಕೊಂಡದ್ದು.

ಇನ್ನು ಮುಖ್ಯ ವಿಷಯ. ಡಾಕ್‌ಟೈಪ್‌ಗಿಂತ ಮೊದಲು ಬ್ರೌಸರಿಗೆ ಬೇರೆ ಯಾವುದಾದರೂ ಅಕ್ಷರವೋ ಟ್ಯಾಗೋ ಸಿಕ್ಕಿತೆನ್ನಿ. ಇದು ಡಾಕ್‌ಟೈಪ್ ಇಲ್ಲದ ಪುಟ ಎಂದು ಅದು ಆ ಕ್ಷಣವೇ ತೀರ್ಮಾನಿಸಿ ಕ್ವರ್ಕ್ಸ್ ಮೋಡಿಗೆ ಹೋಗುತ್ತದೆ. ಆಮೇಲೆ ಬರುವ ಡಾಕ್‌ಟೈಪನ್ನು ಕಡೆಗಣಿಸುತ್ತದೆ. ಒಮ್ಮೆ ಮಾಡಿದ ತೀರ್ಮಾನ ಆ ಪುಟದ ಮಟ್ಟಿಗೆ ಮುಗಿಯಿತು. ಜಾವಾಸ್ಕ್ರಿಪ್ಟಿನಿಂದ ಆಮೇಲೆ ಡಾಕ್‌ಟೈಪ್ ತಂದು ಸೇರಿಸಿದರೂ ಬದಲಾಗದು.

ಸರ್ವರಿನಲ್ಲಿ ಪಿಎಚ್‌ಪಿ ಭಾಷೆಯಿಂದ ತಯಾರಾಗುವ ಪುಟಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ವಾರ್ನಿಂಗ್. ಪುಟದ ಮೇಲ್ಭಾಗದಲ್ಲಿ ಸೇರುವ ಒಂದು ಇನ್‌ಕ್ಲೂಡ್ ಫೈಲಿನಲ್ಲಿ ಯಾವುದೋ ವೇರಿಯಬಲ್ ಇಲ್ಲವೆಂದು ಪಿಎಚ್‌ಪಿ ಗೊಣಗುತ್ತದೆ. ಆ ಗೊಣಗಾಟ ಬಿಆರ್ ಟ್ಯಾಗಿನಿಂದ ಶುರುವಾಗುತ್ತದೆ, ಡಾಕ್‌ಟೈಪ್‌ಗಿಂತ ಮೊದಲೇ ಹೊರಗೆ ಹೋಗುತ್ತದೆ. ವಾರ್ನಿಂಗಿನ ಸಾಲು ಮೇಲಿನ ಬ್ಯಾನರಿನ ಹಿಂದೆ ಅಡಗಿಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಪುಟ ಮಾತ್ರ ಸೊಟ್ಟಗಾಗಿರುತ್ತದೆ. ಕೆಲವು ದಾಖಲೆಗಳಿಗೆ ಮಾತ್ರ ವಾರ್ನಿಂಗ್ ಬರುವುದಾದರೆ ಪುಟವೂ ಕೆಲವೊಮ್ಮೆ ಮಾತ್ರ ಕೆಡುತ್ತದೆ. “ಒಂದೊಂದು ಸಲ ಸರಿ ಬರುತ್ತೆ, ಒಂದೊಂದು ಸಲ ಬರಲ್ಲ” ಎಂಬ ದೂರಿನ ಹಿಂದೆ ಇದು ಇರಬಹುದು. ಜನ ಬಳಸುವ ಸರ್ವರಿನಲ್ಲಿ ದೋಷಗಳನ್ನು ಪರದೆಗೆ ತೋರಿಸುವ ಸೆಟ್ಟಿಂಗ್ ಆಫ್ ಇರಲಿ, ಲಾಗ್‌ಗೆ ಬರೆಯುವುದು ಆನ್ ಇರಲಿ. ಆ ವಾರ್ನಿಂಗನ್ನೂ ಸರಿಪಡಿಸಿ, ಬರೀ ಮರೆಮಾಡಿ ಬಿಡಬೇಡಿ.

ಎರಡನೆಯದು ಕಣ್ಣಿಗೇ ಕಾಣದ್ದು. ಕೆಲವು ಎಡಿಟರುಗಳು ಯುಟಿಎಫ್-8 ಫೈಲಿನ ತಲೆಗೆ ಬೈಟ್ ಆರ್ಡರ್ ಮಾರ್ಕ್ ಎಂಬ ಮೂರು ಬೈಟುಗಳನ್ನು ಅಂಟಿಸುತ್ತವೆ; ಬಾಯಿಮಾತಿನಲ್ಲಿ ಅದು ‘ಬಾಮ್’. ಇಡೀ ಔಟ್‌ಪುಟ್ಟಿನ ಮೊಟ್ಟಮೊದಲ ಬೈಟುಗಳೇ ಬಾಮ್ ಆಗಿದ್ದರೆ ಬ್ರೌಸರ್ ಅದನ್ನು ತೆಗೆದುಹಾಕಿ ಮುಂದುವರಿಯುತ್ತದೆ, ತೊಂದರೆಯಿಲ್ಲ. ಮುಖ್ಯ ಫೈಲಿನಲ್ಲಿ ಒಂದು, ಅದು ಎಳೆದುಕೊಳ್ಳುವ ಹೆಡರ್ ಫೈಲಿನಲ್ಲಿ ಇನ್ನೊಂದು ಬಾಮ್ ಇದ್ದರೆ ಎರಡನೆಯದು ತೆಗೆಯದೆ ಉಳಿಯುತ್ತದೆ. ಬಾಮ್‌ಗಿಂತ ಮೊದಲು ಒಂದೇ ಒಂದು ಖಾಲಿ ಸಾಲು ಹೊರಗೆ ಹೋಗಿದ್ದರೂ ಅಷ್ಟೇ. ಹಾಗೆ ಉಳಿದ ಬಾಮ್ ಖಾಲಿ ಜಾಗವೆಂದು ಲೆಕ್ಕಕ್ಕೆ ಬರುವುದಿಲ್ಲ, ಅಕ್ಷರವೆಂದೇ ಎಣಿಕೆಯಾಗುತ್ತದೆ. ಪುಟ ಕ್ವರ್ಕ್ಸ್‌ಗೆ ಜಾರುತ್ತದೆ. ಎಡಿಟರಿನಲ್ಲಿ ಎಷ್ಟು ದಿಟ್ಟಿಸಿ ನೋಡಿದರೂ ಕಾಣದು. ಎನ್‌ಕೋಡಿಂಗ್ ಆಯ್ಕೆಯಲ್ಲಿ ಬಾಮ್ ಇಲ್ಲದ ಯುಟಿಎಫ್-8 ಎಂದು ಆರಿಸಿ ಎಲ್ಲ ಇನ್‌ಕ್ಲೂಡ್ ಫೈಲುಗಳನ್ನೂ ಮತ್ತೆ ಸೇವ್ ಮಾಡಿ.

ನಿರಪರಾಧಿಗಳನ್ನೂ ಹೆಸರಿಸಬೇಕು, ಯಾಕೆಂದರೆ ಜನ ಇವನ್ನೇ ಹಿಡಿದುಕೊಂಡು ದಿನ ಕಳೆಯುತ್ತಾರೆ. ಡಾಕ್‌ಟೈಪ್‌ಗಿಂತ ಮೊದಲಿನ ಖಾಲಿ ಸಾಲು, ಸ್ಪೇಸ್, ಟ್ಯಾಬ್ ಇವುಗಳಿಂದ ಮೋಡ್ ಬದಲಾಗುವುದಿಲ್ಲ. ಇಂದಿನ ಬ್ರೌಸರುಗಳಲ್ಲಿ ಕಾಮೆಂಟಿನಿಂದಲೂ ಬದಲಾಗದು. ಎಕ್ಸ್‌ಎಂಎಲ್ ಘೋಷಣೆಯ ಸಾಲಿನಿಂದ ಕೆಡುತ್ತಿದ್ದದ್ದು ಎಕ್ಸ್‌ಪ್ಲೋರರ್ 6ರಲ್ಲಿ, 7ರಲ್ಲೇ ಅದು ಸರಿಹೋಯಿತು.

ಪತ್ತೆ ಮಾಡುವುದು ಒಂದು ನಿಮಿಷದ ಕೆಲಸ. ಕೆಟ್ಟಿರುವ ಪುಟವನ್ನೇ ತೆರೆದು ಬ್ರೌಸರಿನ ಡೆವಲಪರ್ ಕನ್ಸೋಲಿನಲ್ಲಿ ಡಾಕ್ಯುಮೆಂಟ್ ಡಾಟ್ ಕಂಪ್ಯಾಟ್‌ಮೋಡ್ ಕೇಳಿ. ‘ಬ್ಯಾಕ್‌ಕಂಪ್ಯಾಟ್’ ಎಂದರೆ ಕ್ವರ್ಕ್ಸ್. ‘ಸಿಎಸ್‌ಎಸ್1ಕಂಪ್ಯಾಟ್’ ಎಂದರೆ ಸ್ಟ್ಯಾಂಡರ್ಡ್ಸ್, ಇಲ್ಲವೇ ನಡುವಿನ ಮೋಡ್. ಫೈರ್‌ಫಾಕ್ಸ್ ಕನ್ಸೋಲ್ ಕ್ವರ್ಕ್ಸ್ ಪುಟದ ಬಗ್ಗೆ ತಾನಾಗಿಯೇ ಎಚ್ಚರಿಸುತ್ತದೆ. ನಂತರ ‘ವ್ಯೂ ಸೋರ್ಸ್’ ತೆರೆದು ಮೊದಲ ಸಾಲು ನೋಡಿ. ಇನ್ನೊಂದು ಗುರುತು ಇನ್‌ಸ್ಪೆಕ್ಟರಿನಲ್ಲಿ ಸಿಗುತ್ತದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ವಾರ್ನಿಂಗೋ ಬಾಮೋ ಮೊದಲು ಬಂದಿದ್ದರೆ ಬ್ರೌಸರ್ ಆಗಲೇ ಹೆಡ್ಡನ್ನು (ಪುಟದ ಮಾಹಿತಿಯ ಭಾಗ) ಮುಚ್ಚಿ ಬಾಡಿಯನ್ನು (ಪರದೆಯಲ್ಲಿ ಕಾಣುವ ಭಾಗ) ತೆರೆದುಬಿಟ್ಟಿರುತ್ತದೆ. ಹಾಗಾಗಿ ಡಾಕ್‌ಟೈಪ್ ಮಾಯವಾಗಿರುತ್ತದೆ, ಹೆಡ್ ಖಾಲಿ ಬಿದ್ದಿರುತ್ತದೆ, ಟೈಟಲ್, ಮೆಟಾ, ಲಿಂಕ್ ಟ್ಯಾಗುಗಳೆಲ್ಲ ಬಾಡಿಯೊಳಗೆ ಸಾಲಾಗಿ ನಿಂತಿರುತ್ತವೆ. ಈ ದೃಶ್ಯ ಕಂಡರೆ ಸಿಎಸ್‌ಎಸ್ ಫೈಲನ್ನು ಮುಚ್ಚಿ, ತಪ್ಪು ಅಲ್ಲಿಲ್ಲ.

ನಿಜವಾಗಿಯೂ ಡಾಕ್‌ಟೈಪೇ ಇಲ್ಲದ ಹಳೆಯ ಪುಟದ ಮಾತು ಬೇರೆ. ಅಲ್ಲಿ ಹದಿನೈದು ಅಕ್ಷರ ಸೇರಿಸಿ ಸರ್ವರಿಗೆ ಏರಿಸಿದರೆ ಆಯಿತೆಂದು ತಿಳಿದವರು ಅದೇ ಸಂಜೆ ಫೋನ್ ಮಾಡುತ್ತಾರೆ. ಕ್ವರ್ಕ್ಸ್‌ನ ಸಲಿಗೆಗೆ ಒಗ್ಗಿದ ಪುಟ ಅದು, ನಿಯಮಕ್ಕೆ ತಂದಾಗ ಎಲ್ಲೆಲ್ಲಿ ಒಡೆಯುತ್ತದೆಂದು ಮೊದಲೇ ತಿಳಿದಿರಬೇಕು.

ಸಿಎಸ್‌ಎಸ್‌ನಲ್ಲಿ ಅಗಲ 200 ಎಂದಷ್ಟೇ ಬರೆದು ಪಿಕ್ಸೆಲ್ ಬಿಟ್ಟಿದ್ದರೆ ಕ್ವರ್ಕ್ಸ್ ಅದನ್ನು ಒಪ್ಪಿಕೊಳ್ಳುತ್ತಿತ್ತು, ಸ್ಟ್ಯಾಂಡರ್ಡ್ಸ್ ಮೋಡ್ ಇಡೀ ಸಾಲನ್ನೇ ಎಸೆಯುತ್ತದೆ. ಹ್ಯಾಷ್ ಚಿಹ್ನೆಯಿಲ್ಲದ ಬಣ್ಣದ ಸಂಖ್ಯೆಗೂ ಅದೇ ಗತಿ. ಸೊನ್ನೆಗೆ ಘಟಕ ಬೇಡ; ಲೈನ್-ಹೈಟ್, ಜೆಡ್-ಇಂಡೆಕ್ಸ್‌ಗಳೂ ಬರೀ ಸಂಖ್ಯೆಯಲ್ಲೇ ಇರಬಹುದು, ಅವನ್ನು ಮುಟ್ಟಬೇಡಿ. ಎಚ್‌ಟಿಎಂಎಲ್ ಟ್ಯಾಗಿನೊಳಗಿನ ವಿಡ್ತ್ ಆಟ್ರಿಬ್ಯೂಟ್ ಎರಡೂ ಮೋಡಿನಲ್ಲಿ ನಡೆಯುತ್ತದೆ, ಅಲ್ಲಿಗೆ ಪಿಕ್ಸೆಲ್ ಸೇರಿಸಲು ಹೋಗುವುದು ವ್ಯರ್ಥ. ಜಾವಾಸ್ಕ್ರಿಪ್ಟ್ ಮೂಲಕ ಸ್ಟೈಲಿಗೆ ಬರೀ ಸಂಖ್ಯೆ ಕೊಡುವ ಸಾಲುಗಳನ್ನು ಮರೆಯದೆ ಹುಡುಕಿ.

ಟೇಬಲ್ಲಿನ ಅಕ್ಷರದ ಗಾತ್ರವೇ ಹೆಚ್ಚು ತಲೆ ತಿನ್ನುವ ಸಂಗತಿ. ಕ್ವರ್ಕ್ಸ್‌ನಲ್ಲಿ ಟೇಬಲ್ ತನ್ನ ಹೊರಗಿನಿಂದ ಅಕ್ಷರದ ಗಾತ್ರವನ್ನು ಪಡೆಯುವುದಿಲ್ಲ, ಮೂಲ ಗಾತ್ರಕ್ಕೆ ಮರಳುತ್ತದೆ. ಅದಕ್ಕಾಗಿಯೇ ಹಿಂದಿನವರು ಬಾಡಿಗೂ ಟೇಬಲ್ಲಿನ ಕೋಶದ ಟ್ಯಾಗಾದ ಟಿಡಿಗೂ ಒಟ್ಟಿಗೆ 0.8 ಎಮ್ (ಹೊರಗಿನಿಂದ ಬಂದ ಗಾತ್ರದ 0.8 ಪಾಲು) ಎಂದು ಬರೆಯುತ್ತಿದ್ದರು. ಮೂಲ ಗಾತ್ರ 16 ಪಿಕ್ಸೆಲ್ ಇದ್ದರೆ ಬಾಡಿ 12.8 ಆಗುತ್ತಿತ್ತು, ಟೇಬಲ್ 16ಕ್ಕೆ ಮರಳುತ್ತಿತ್ತು, ಟಿಡಿ ಮತ್ತೆ 12.8. ಡಾಕ್‌ಟೈಪ್ ಹಾಕಿದ ಕೂಡಲೇ ಟೇಬಲ್ ಬಾಡಿಯಿಂದ 12.8 ಪಡೆಯುತ್ತದೆ, ಟಿಡಿ ಅದರ 0.8 ಅಂದರೆ 10.24ಕ್ಕೆ ಕುಗ್ಗುತ್ತದೆ. ಟಿಡಿಯ ಮೇಲಿನ ಆ ನಿಯಮವನ್ನು ತೆಗೆದುಹಾಕಿ, ಅಷ್ಟು ಸಾಕು. ಗಾತ್ರ ಹೆಚ್ಚಿಸಲು ಹೋಗಿ ಟೇಬಲ್ಲಿನೊಳಗೆ ಟೇಬಲ್ ಬಂದಾಗ ಮತ್ತೆ ಸಿಕ್ಕಿಬೀಳಬೇಡಿ.

ಟೇಬಲ್ಲಿನ ಕೋಶಗಳಲ್ಲಿ ತುಂಡು ಚಿತ್ರಗಳನ್ನು ಜೋಡಿಸಿದ ಪುಟದಲ್ಲಿ ಚಿತ್ರಗಳ ಕೆಳಗೆ ಕೆಲವು ಪಿಕ್ಸೆಲ್ ಸಂದು ಬೀಳುತ್ತದೆ. ಚಿತ್ರ ಅಕ್ಷರಗಳ ಹಾಗೆ ಸಾಲಿನ ಮೇಲೆ ನಿಂತು, ಸಾಲಿನ ಕೆಳಗೆ ಇಳಿಯುವ ಅಕ್ಷರಗಳಿಗೆಂದು ಜಾಗ ಉಳಿಯುವುದೇ ಕಾರಣ. ಚಿತ್ರಕ್ಕೆ ಡಿಸ್ಪ್ಲೇ ಬ್ಲಾಕ್ ಕೊಡಿ. ಎತ್ತರ ಶೇ. 100 ಎಂದು ಬರೆದ ಪೆಟ್ಟಿಗೆ ಕುಸಿದರೆ ಅದರ ಮೇಲಿನ ಪ್ರತಿಯೊಂದು ಎಲಿಮೆಂಟಿಗೂ, ಎಚ್‌ಟಿಎಂಎಲ್ ಮತ್ತು ಬಾಡಿ ಸೇರಿ, ಎತ್ತರ ಹೇಳಿರಬೇಕು. ಕ್ಲಾಸ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆತಿದ್ದರೆ ಒಂದೇ ರೀತಿಗೆ ತನ್ನಿ. ಕ್ವರ್ಕ್ಸ್ ಆ ಭೇದ ಎಣಿಸುತ್ತಿರಲಿಲ್ಲ. ಇಡೀ ಪುಟವೇ ಬೋಳಾಗಿ, ಒಂದು ಸ್ಟೈಲೂ ಬರದಿದ್ದರೆ ಸಿಎಸ್‌ಎಸ್ ಫೈಲನ್ನು ಸರ್ವರ್ ಯಾವ ಕಂಟೆಂಟ್ ಟೈಪಿನಲ್ಲಿ ಕಳಿಸುತ್ತಿದೆ ಎಂದು ನೆಟ್‌ವರ್ಕ್ ಟ್ಯಾಬಿನಲ್ಲಿ ನೋಡಿ. ಅದೇ ಸೈಟಿನ ಫೈಲು ಸಾಮಾನ್ಯ ಪಠ್ಯವೆಂದು ಬಂದರೂ ಕ್ವರ್ಕ್ಸ್ ಒಪ್ಪುತ್ತಿತ್ತು, ಸ್ಟ್ಯಾಂಡರ್ಡ್ಸ್ ಒಪ್ಪದು.

ಸ್ಕ್ರೋಲ್ ಲೆಕ್ಕವೂ ತಲೆಕೆಳಗಾಗುತ್ತದೆ. ಕ್ವರ್ಕ್ಸ್‌ನಲ್ಲಿ ಬಾಡಿಯ ಕ್ಲೈಂಟ್‌ಹೈಟ್ ಎಂದರೆ ಕಾಣುವ ಪರದೆಯ ಎತ್ತರ, ಸ್ಟ್ಯಾಂಡರ್ಡ್ಸ್‌ನಲ್ಲಿ ಅದೇ ಮಾತು ಬಾಡಿಯ ನಿಜವಾದ ಎತ್ತರವನ್ನು ಹೇಳುತ್ತದೆ. ಆರಂಭದಲ್ಲಿ ಹೇಳಿದ ಪಾಪ್‌ಅಪ್ ಪುಟದ ಕೆಳಗೆ ಹೋಗಿ ಕೂರುವುದು ಇದರ ತಿರುಗುಮುರುಗು: ಬಾಡಿಯ ಬದಲು ಎಚ್‌ಟಿಎಂಎಲ್ ಎಲಿಮೆಂಟಿನ ಕ್ಲೈಂಟ್‌ಹೈಟ್ ಕೇಳುವ, ಸ್ಟ್ಯಾಂಡರ್ಡ್ಸ್‌ಗೆಂದು ಬರೆದ ಕೋಡ್ ಕ್ವರ್ಕ್ಸ್‌ಗೆ ಸಿಕ್ಕಿ, ಪರದೆಯ ಎತ್ತರದ ಬದಲು ಇಡೀ ಪುಟದ ಎತ್ತರವನ್ನು ಅರ್ಧ ಮಾಡಿದೆ. ಎಷ್ಟು ಸ್ಕ್ರೋಲ್ ಆಗಿದೆ ಎಂಬುದಕ್ಕೆ ವಿಂಡೋ ಡಾಟ್ ಸ್ಕ್ರೋಲ್‌ವೈ, ಎತ್ತರಕ್ಕೆ ವಿಂಡೋ ಡಾಟ್ ಇನ್ನರ್‌ಹೈಟ್ ಬಳಸಿದರೆ ಮೋಡ್ ಯಾವುದಾದರೂ ಚಿಂತೆಯಿಲ್ಲ.

ಆ 300, 350ರ ಬಾಕ್ಸ್ ಲೆಕ್ಕದ ಭಯ ಇಂದು ಬೇಡ. ಕ್ರೋಮ್, ಫೈರ್‌ಫಾಕ್ಸ್‌ಗಳ ಕ್ವರ್ಕ್ಸ್ ಮೋಡ್ ಸಾಮಾನ್ಯ ಪೆಟ್ಟಿಗೆಗಳಿಗೆ ಆ ಹಳೆಯ ಲೆಕ್ಕ ಹಾಕುವುದಿಲ್ಲ. ಹಳೆಯ ಲೆಕ್ಕವೇ ಅನುಕೂಲ ಎನಿಸಿದರೆ ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ ಎಂದು ಬರೆದು ಯಾವ ಮೋಡಿನಲ್ಲಾದರೂ ಪಡೆಯಬಹುದು. ಈಗ ಬಹುಪಾಲು ಜನ ಅದನ್ನೇ ಮಾಡುತ್ತಾರೆ.

ಹಾಗೆಂದು ಪ್ರತಿ ಹಳೆಯ ಪುಟವನ್ನೂ ತಿದ್ದಲೇಬೇಕೆಂದು ನಾನು ಹೇಳಲಾರೆ. ಯಾರೂ ಬದಲಾಯಿಸದ, ಓದಲಷ್ಟೇ ಇರುವ ಪುಟ ಚೆನ್ನಾಗಿ ಕಾಣುತ್ತಿದ್ದರೆ ಹಾಗೇ ಇರಲಿ, ಬ್ರೌಸರುಗಳು ಕ್ವರ್ಕ್ಸನ್ನು ಉಳಿಸಿಕೊಂಡಿರುವುದೇ ಅಂಥ ಪುಟಗಳಿಗಾಗಿ. ಹೊಸ ಕೋಡ್ ಸೇರುತ್ತಲೇ ಇರುವ ಪುಟವಾದರೆ ಮುಂದೂಡಿದಷ್ಟೂ ತೇಪೆ ಹೆಚ್ಚುತ್ತದೆ. ಡಾಕ್‌ಟೈಪ್ ಹಾಕುವ ಮೊದಲು ಮುಖ್ಯ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಒಂದೊಂದೇ ಟೆಂಪ್ಲೇಟಿಗೆ ಹಾಕಿ ಹೋಲಿಸಿ ನೋಡಿ.

ಎಲ್ಲ ಮುಗಿಯಿತೆಂದು ಕೈತೊಳೆದ ಮೇಲೂ ಪ್ರಿಂಟ್ ಬಟನ್ ಒತ್ತಿದಾಗ ಮಾತ್ರ ಬಿಲ್ಲಿನ ಟೇಬಲ್ ವಿಚಿತ್ರವಾಗಿ ಬರುತ್ತಿದ್ದರೆ, ಆ ಬಿಲ್ಲಿನ ಕಿಟಕಿ ಹೇಗೆ ಹುಟ್ಟುತ್ತದೆ ಎಂದು ನೋಡಿ. ಖಾಲಿ ವಿಂಡೋ ತೆರೆದು ಅದರೊಳಗೆ ಡಾಕ್ಯುಮೆಂಟ್ ಡಾಟ್ ರೈಟ್ ಮೂಲಕ ನೇರವಾಗಿ ಟೇಬಲ್ ಬರೆದರೆ ಅದು ಬೇರೆಯೇ ಡಾಕ್ಯುಮೆಂಟ್. ತೆರೆದ ಪುಟದ ಮೋಡ್ ಅದಕ್ಕೆ ಬರುವುದಿಲ್ಲ, ಅದು ಕ್ವರ್ಕ್ಸ್‌ನಲ್ಲೇ ಇರುತ್ತದೆ. ಬೇರೆ ಪುಟವನ್ನು ಎಳೆದು ತೋರಿಸುವ ಐಫ್ರೇಮಿಗೂ ತನ್ನದೇ ಮೋಡ್. ಬರೆಯುವ ಸ್ಟ್ರಿಂಗಿನ ಮೊದಲಿಗೇ ಆ ಹದಿನೈದು ಅಕ್ಷರಗಳನ್ನು ಸೇರಿಸಿ, ಅದಕ್ಕಿಂತ ಮುಂಚೆ ಏನನ್ನೂ ಬರೆಯಬೇಡಿ.