ಪದ ಪರಿಚಯ: ದ್ವಿಲಿಂಗಿ

ಬ್ರಿಟನ್ನಿನ ರಾಕ್ ಸಂಗೀತದ ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಬದುಕನ್ನು ಆಧರಿಸಿದ ‘ಬೊಹೆಮಿಯನ್ ರಾಪ್ಸೊಡಿ’ ಚಿತ್ರ 2018ರಲ್ಲಿ ತೆರೆಕಂಡಿತು. ಅದರ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ಓದುವಾಗಲೆಲ್ಲ, ಗಂಡು ಹೆಣ್ಣು ಇಬ್ಬರತ್ತಲೂ ಒಲವುಳ್ಳವನು (ಇಂಗ್ಲಿಷಿನ ‘ಬೈಸೆಕ್ಷುಯಲ್’) ಎಂಬ ಅರ್ಥದಲ್ಲಿ ‘ದ್ವಿಲಿಂಗಿ ಗಾಯಕ’ ಎಂಬ ಮಾತು ಎದುರಾಗುತ್ತದೆ. ಈಚೆಗೆ ಓದಿದ ಬರಹವೊಂದು ಇನ್ನೂ ಮುಂದೆ ಹೋಗಿ, ಆತ ಹೆಣ್ಣುಡುಗೆ ತೊಟ್ಟು ನಟಿಸಿದ ವಿಡಿಯೊವನ್ನೇ ಆತ ದ್ವಿಲಿಂಗಿ ಎನ್ನುವುದಕ್ಕೆ ಸಾಕ್ಷಿಯಾಗಿ ಕೊಟ್ಟಿತ್ತು. ದೇಹ, ಉಡುಗೆ, ಒಲವು ಈ ಮೂರನ್ನೂ ಒಂದೇ ಪದದೊಳಗೆ ತುರುಕಿದ ಆ ವಾಕ್ಯವನ್ನು ಓದಿದ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ.

ದ್ವಿಲಿಂಗಿ ಎಂಬುದು ನಮ್ಮ ಜೀವವಿಜ್ಞಾನದ ಪಠ್ಯಗಳಲ್ಲಿ ಬಹಳ ಹಿಂದಿನಿಂದ ನೆಲೆನಿಂತಿರುವ ಪದ. ದಾಸವಾಳದ ಹೂವೊಂದನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಅರ್ಥ ಕಣ್ಣಿಗೇ ಕಾಣುತ್ತದೆ. ನಡುವಿನಿಂದ ಹೊರಚಾಚಿದ ಉದ್ದನೆಯ ಕೊಳವೆಯ ಮೈಮೇಲೆಲ್ಲ ಹಳದಿ ಪರಾಗದ ಚೀಲಗಳು, ಅದರ ತುದಿಯಲ್ಲಿ ಐದಾಗಿ ಕವಲೊಡೆದ ಶಲಾಕೆಯ ಮೇಲೆ ಕೆಂಪನೆಯ ಪುಟ್ಟ ಗುಂಡುಗಳು. ಗಂಡು ಭಾಗವೂ ಹೆಣ್ಣು ಭಾಗವೂ ಒಂದೇ ಹೂವಿನಲ್ಲಿವೆ, ಆದ್ದರಿಂದ ಅದು ದ್ವಿಲಿಂಗಿ. ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಆದ್ದರಿಂದ ಅವು ಏಕಲಿಂಗಿ. ಪರಂಗಿ ಬೆಳೆಯುವವರು ಗಂಡು ಗಿಡ ಮತ್ತು ಹೆಣ್ಣು ಗಿಡಗಳ ಜೊತೆಗೆ ದ್ವಿಲಿಂಗಿ ಗಿಡವನ್ನೂ ಬಲ್ಲರು. ನೀಳವಾದ ಹಣ್ಣು ಅದರಲ್ಲೇ ಬಿಡುತ್ತದೆ. ಎರೆಹುಳುವೂ ದ್ವಿಲಿಂಗಿಯೇ. ಇವೆಲ್ಲವೂ ಮೈಯ ರಚನೆಗೆ ಸಂಬಂಧಿಸಿದ ಮಾತುಗಳು, ಮನಸ್ಸಿನ ಒಲವಿಗೆ ಸಂಬಂಧಿಸಿದವಲ್ಲ.

ಪದದ ರಚನೆಯೂ ಇದನ್ನೇ ಹೇಳುತ್ತದೆ. ಧನವುಳ್ಳವನು ಧನಿ, ಜ್ಞಾನವುಳ್ಳವನು ಜ್ಞಾನಿ. ಹಾಗೆಯೇ ಎರಡು ಲಿಂಗವುಳ್ಳದ್ದು ದ್ವಿಲಿಂಗಿ. ‘ಲಿಂಗ’ ಎಂಬ ಸಂಸ್ಕೃತ ಪದಕ್ಕಾದರೂ ಮೂಲದಲ್ಲಿ ಗುರುತು, ಚಿಹ್ನೆ ಎಂಬ ಅರ್ಥವಿದೆ. ಕಾಣದಿರುವುದನ್ನು ಕಾಣುವುದರ ಮೂಲಕ ತಿಳಿಸಿಕೊಡುವುದು ಲಿಂಗ. ನ್ಯಾಯಶಾಸ್ತ್ರದಲ್ಲಿ ಬೆಟ್ಟದ ಮೇಲೆ ಏಳುವ ಹೊಗೆಯು ಅಲ್ಲಿರುವ ಬೆಂಕಿಗೆ ಲಿಂಗ. ವ್ಯಾಕರಣಕ್ಕೆ ಬಂದಾಗ ಅದು ಪದಗಳನ್ನು ವಿಂಗಡಿಸುವ ಗುರುತಾಯಿತು. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ, ‘ಭಾರ್ಯಾ’ ಸ್ತ್ರೀಲಿಂಗ. ಕನ್ನಡವಾದರೋ ಅರ್ಥವನ್ನು ನೋಡಿ ಲಿಂಗವನ್ನು ನಿರ್ಣಯಿಸುತ್ತದೆ. 13ನೆಯ ಶತಮಾನದ ಕೇಶಿರಾಜ ಲಿಂಗಗಳನ್ನು ಒಂಬತ್ತರವರೆಗೆ ಎಣಿಸಿದ್ದಾನೆಂಬುದನ್ನು ನೆನೆದರೆ, ಈ ಪದ ಬಹಳ ಹೊರೆ ಹೊತ್ತಿದೆಯೆಂಬುದು ತಿಳಿಯುತ್ತದೆ. ಅದೇ ಪದಕ್ಕೆ ನಾವು ಈಗ ದೇಹದ ಗಂಡು-ಹೆಣ್ಣುತನವನ್ನೂ, ಸಮಾಜ ಹೊರಿಸುವ ಗಂಡು-ಹೆಣ್ಣಿನ ಪಾತ್ರವನ್ನೂ, ಒಬ್ಬರು ತಮ್ಮನ್ನು ತಾವು ಏನೆಂದು ಅರಿಯುತ್ತಾರೆಂಬುದನ್ನೂ ಹೊರಿಸಿದ್ದೇವೆ. ‘ಲಿಂಗತ್ವ’ ಎಂಬ ರೂಪ ಈಚೆಗೆ ಬಳಕೆಗೆ ಬಂದು ಕೊನೆಯ ಎರಡನ್ನು ಒಂದಿಷ್ಟು ಬೇರ್ಪಡಿಸಿರುವುದು ನಿಜವಾದ ಉಪಕಾರ.

ಗೊಂದಲದ ಮೂಲ ಇಂಗ್ಲಿಷಿನಲ್ಲೂ ಇದೆ. ‘ಬೈಸೆಕ್ಷುಯಲ್’ ಎಂಬುದು ಅಲ್ಲಿಯೂ ಮೊದಲು ಸಸ್ಯವಿಜ್ಞಾನದ ಪದವಾಗಿತ್ತು. ಗಂಡು ಹೆಣ್ಣು ಇಬ್ಬರತ್ತಲೂ ಒಲವುಳ್ಳವರು ಎಂಬ ಅರ್ಥ 19ನೆಯ ಶತಮಾನದ ಕೊನೆಯ ಹೊತ್ತಿಗೆ ಮನೋವೈದ್ಯರ ಬರಹಗಳ ಮೂಲಕ ಬಂದು ಸೇರಿತು. ನಾವು ಹಳೆಯ ಅರ್ಥಕ್ಕೆ ಮಾಡಿಕೊಂಡ ಪದವನ್ನು ಹೊಸ ಅರ್ಥಕ್ಕೂ ಹಚ್ಚಿಬಿಟ್ಟೆವು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮಿನ ಬಗ್ಗೆ ತೀರ್ಪು ಕೊಟ್ಟಾಗ ಪತ್ರಿಕೆಗಳು ಈ ಪದಗಳನ್ನು ದಿನವೂ ಬಳಸಬೇಕಾಗಿ ಬಂದಿತು, ಮರುತಿಂಗಳುಗಳಲ್ಲೇ ಚಿತ್ರವೂ ಬಂದಿತು. ಆಗಿನ ಅವಸರದ ಅನುವಾದ ಹಾಗೆಯೇ ಉಳಿದುಕೊಂಡಿದೆ. ಹುಟ್ಟಿನಿಂದಲೇ ದೇಹರಚನೆ ಗಂಡು ಅಥವಾ ಹೆಣ್ಣು ಎಂಬ ಸಿದ್ಧ ಗುರುತಿಗೆ ಹೊಂದದ ಮನುಷ್ಯರಿಗೆ ‘ಅಂತರಲಿಂಗಿ’ ಎಂಬ ಪದ ಈಗ ಇದೆ. ದ್ವಿಲಿಂಗಿ ಎಂದಾಕ್ಷಣ ಓದುಗರ ಮನಸ್ಸು ಹೋಗುವುದು ಅವರತ್ತ, ಮತ್ತು ಆ ತಪ್ಪು ಕಲ್ಪನೆ ಇಬ್ಬರಿಗೂ ಅನ್ಯಾಯ ಮಾಡುತ್ತದೆ.

ಈ ಚಿತ್ರದ ವಿಷಯದಲ್ಲಿ ಪದದ ತಪ್ಪು ಏಕೆ ಹೆಚ್ಚು ಚುಚ್ಚುತ್ತದೆಂದರೆ, ಚಿತ್ರದ ಅತಿ ಮುಖ್ಯ ದೃಶ್ಯವೊಂದು ಇದೇ ಪದದ ಮೇಲೆ ನಿಂತಿದೆ. ಬಹುದಿನಗಳ ಸಂಗಾತಿ ಮೇರಿ ಆಸ್ಟಿನ್ ಎದುರು ಕುಳಿತು ಫ್ರೆಡ್ಡಿ ತಾನು ಬೈಸೆಕ್ಷುಯಲ್ ಎನಿಸುತ್ತಿದೆ ಎನ್ನುತ್ತಾನೆ. ಇಲ್ಲ, ನೀನು ಗೇ ಎಂದು ಆಕೆ ತಿದ್ದುತ್ತಾಳೆ. ಇಂಥ ಮಾತು ನಡೆದದ್ದನ್ನು ಮೇರಿ ಆಸ್ಟಿನ್ ತಾವೇ ನೆನಪಿಸಿಕೊಂಡಿರುವುದರಿಂದ ದೃಶ್ಯ ಆಧಾರವಿಲ್ಲದ್ದಲ್ಲ. ಆದರೆ ಚಿತ್ರ ಆಕೆಯ ಉತ್ತರವನ್ನೇ ಕೊನೆಯ ತೀರ್ಪಾಗಿ ಸ್ವೀಕರಿಸಿ ಮುಂದೆ ಸಾಗುತ್ತದೆ, ಮತ್ತು 80ರ ದಶಕದಲ್ಲಿ ಮ್ಯೂನಿಕ್ ನಗರದಲ್ಲಿ ಫ್ರೆಡ್ಡಿಗೆ ಆಪ್ತಳಾಗಿದ್ದ ನಟಿ ಬಾರ್ಬರಾ ವಾಲೆಂಟಿನ್ ಕತೆಯಲ್ಲಿ ಎಲ್ಲಿಯೂ ಬರುವುದೇ ಇಲ್ಲ. ಮೇರಿಯ ಸಾಂಗತ್ಯವನ್ನು ಬೆಳಕಾಗಿಯೂ, ಗಂಡಸರೊಡನೆಯ ಸಂಬಂಧವನ್ನು ಬಹುಪಾಲು ಪಾಲ್ ಪ್ರೆಂಟರ್ ಎಂಬ ವಂಚಕನ ಜೊತೆಗಿನ ಪತನವಾಗಿಯೂ ತೋರಿಸಿದ್ದು ನನ್ನ ದೃಷ್ಟಿಯಲ್ಲಿ ಚಿತ್ರದ ದೊಡ್ಡ ದೋಷ. ಕೊನೆಯವರೆಗೂ ಜೊತೆಗಿದ್ದ ಸಂಗಾತಿ ಜಿಮ್ ಹಟನ್ ತಮಗೆ ಫ್ರೆಡ್ಡಿಯ ಏಡ್ಸ್ ಕಾಯಿಲೆಯ ವಿಷಯ 1987ರಲ್ಲಿ ತಿಳಿಯಿತೆಂದು ಬರೆದಿದ್ದರೂ, ಚಿತ್ರ ಅದನ್ನು 1985ರ ಜುಲೈ 13ರ ಲೈವ್ ಏಡ್ ಸಹಾಯಾರ್ಥ ಸಂಗೀತ ಕಛೇರಿಗೂ ಮುಂಚೆ ತಂದು, ರೋಗವನ್ನು ಆ ಪತನಕ್ಕೆ ಕೂಡಲೇ ಬಂದ ಫಲವೆಂಬಂತೆ ಕಾಣಿಸುತ್ತದೆ.

ಹೆಣ್ಣುಡುಗೆಯ ವಿಡಿಯೊ 1984ರದು. ಅದರಲ್ಲಿ ತಂಡದ ನಾಲ್ವರೂ ಹೆಂಗಸರ ವೇಷದಲ್ಲಿದ್ದಾರೆ, ಫ್ರೆಡ್ಡಿಯಂತೂ ಮೀಸೆಯನ್ನೂ ತೆಗೆಯದೆ ಮನೆಯ ನೆಲಕ್ಕೆ ವ್ಯಾಕ್ಯೂಮ್ ಕ್ಲೀನರ್ ಹಿಡಿದಿದ್ದಾನೆ. ಬ್ರಿಟನ್ನಿನ ಜನರಿಗೆ ಅದು ತಾವು ವಾರವಾರವೂ ನೋಡುವ ಧಾರಾವಾಹಿಯೊಂದರ ಅಣಕವೆಂದು ತಿಳಿಯಿತು, ಅಮೆರಿಕದವರಿಗೆ ತಿಳಿಯಲಿಲ್ಲ. ವೇಷದಿಂದ ಒಲವನ್ನು ಊಹಿಸುವುದಾದರೆ ಉಳಿದ ಮೂವರನ್ನು ಏನೆಂದು ಕರೆಯಬೇಕು?

ಜನಾಂಗದ ವಿಷಯದಲ್ಲೂ ಅನುವಾದ ಹೀಗೆಯೇ ಎಡವುತ್ತದೆ. ಜಾಂಜಿಬಾರಿನಲ್ಲಿ 1946ರಲ್ಲಿ ಪಾರ್ಸಿ ದಂಪತಿಗೆ ಹುಟ್ಟಿ, ಪಂಚಗಣಿಯಲ್ಲಿ ಓದಿದ ಫರೂಖ್ ಬಲ್ಸಾರಾನನ್ನು, ಎಂದರೆ ಮುಂದೆ ಫ್ರೆಡ್ಡಿ ಎಂದು ಹೆಸರಾದವನನ್ನು, ಹೀಥ್ರೂ ವಿಮಾನ ನಿಲ್ದಾಣದಲ್ಲಿ ‘ಪಾಕಿ’ ಎಂದು ಕರೆಯುವುದರಿಂದಲೇ ಚಿತ್ರ ಆತನ ಪರಿಚಯ ಮಾಡಿಕೊಡುತ್ತದೆ. ಅದನ್ನು ‘ಪಾಕಿಸ್ತಾನಿ’ ಎಂದು ಅನುವಾದಿಸಿದರೆ ಬೈಗುಳ ಬರಿಯ ವಿಳಾಸವಾಗಿಬಿಡುತ್ತದೆ. ಅದು ದಕ್ಷಿಣ ಏಷ್ಯಾದವರೆಲ್ಲರ ಮೇಲೆ ಎಸೆಯುವ ಬೈಗುಳ, ಹಾಗೆಯೇ ಉಳಿಸಬೇಕು.

ಇನ್ನು ಬದಲಿ ಪದ. ‘ದ್ವಿಲಿಂಗಕಾಮಿ’ ಅರ್ಥದಲ್ಲಿ ಸರಿ, ಆದರೆ ‘ಕಾಮಿ’ ಎಂಬುದು ಕನ್ನಡದಲ್ಲಿ ದೂಷಣೆಯ ಮಾತು. ಗಂಡು-ಹೆಣ್ಣಿನ ಮದುವೆಯ ಸುದ್ದಿಯಲ್ಲಿ ವಧೂವರರನ್ನು ಯಾರೂ ಕಾಮಿಗಳೆಂದು ಬರೆಯುವುದಿಲ್ಲ. ‘ಉಭಯಪ್ರೇಮಿ’ಯತ್ತ ನನ್ನ ಒಲವು. ಅದೂ ಬೇಡವೆನಿಸಿದರೆ ‘ಬೈಸೆಕ್ಷುಯಲ್’ ಎಂದೇ ಬರೆಯುವುದು ದ್ವಿಲಿಂಗಿಗಿಂತ ಎಷ್ಟೋ ಲೇಸು. ಆದರೆ ಆ ದೃಶ್ಯಕ್ಕೆ ಕನ್ನಡದ ಅಡಿಬರಹ ಬರೆಯುವ ಕೆಲಸ ನನ್ನ ಪಾಲಿಗೆ ಬಂದರೆ ಯಾವ ಪಾರಿಭಾಷಿಕ ಪದವನ್ನೂ ಬಳಸದೆ, ಫ್ರೆಡ್ಡಿಯ ಬಾಯಲ್ಲಿ ‘ನನಗೆ ಹೆಂಗಸರ ಮೇಲೂ ಮನಸ್ಸಾಗುತ್ತದೆ, ಗಂಡಸರ ಮೇಲೂ ಮನಸ್ಸಾಗುತ್ತದೆ’ ಎಂದು ಬರೆಯುತ್ತೇನೆ. ಮೇರಿಯ ಬಾಯಲ್ಲಿ ‘ಇಲ್ಲ ಫ್ರೆಡ್ಡಿ, ನಿನಗೆ ಗಂಡಸರ ಮೇಲೆ ಮಾತ್ರ’ ಎಂದು. ಆಗ ಆಕೆ ತಿದ್ದಿದ್ದು ಏನನ್ನು, ಅಳಿಸಿದ್ದು ಏನನ್ನು ಎಂಬುದು ನೋಡುವವರಿಗೆ ಕೇಳಿಸುತ್ತದೆ.